ವಾಷಿಂಗ್ಟನ್ನಿನ ಡನ್‌ಬಾರ್ ಪ್ರೌಢಶಾಲೆ: ನೂರೈವತ್ತು ವರ್ಷಗಳ ವಿದ್ಯಾಚರಿತ್ರೆ

ಶಾಸ್ತ್ರಗ್ರಂಥದ ಆರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧಚತುಷ್ಟಯವನ್ನು ನಿರ್ದೇಶಿಸುವುದು ಭರತಖಂಡದ ಪ್ರಾಚೀನ ಪದ್ಧತಿಯಾಗಿರುವುದು. ಈ ನಾಲ್ಕರಲ್ಲಿ ಅಧಿಕಾರಿಯ ನಿರ್ಣಯವೇ ಹೆಚ್ಚು ವಿವಾದಾಸ್ಪದವಾದುದು. ಜನ್ಮವನ್ನೇ ಪ್ರಮಾಣವಾಗಿಟ್ಟುಕೊಂಡು ಅನೇಕರನ್ನು ಪಾಠಶಾಲೆಯ ಹೊಸ್ತಿಲಿನಿಂದಾಚೆ ನಿಲ್ಲಿಸಿದುದು ಈ ದೇಶದ ಚರಿತ್ರೆಯಲ್ಲಿಯೂ ಉಂಟು. ಅದೇ ವಿವಾದವು ಅಮೆರಿಕಾ ಸಂಯುಕ್ತ ಸಂಸ್ಥಾನದ ರಾಜಧಾನಿಯ ಒಂದು ಸಾರ್ವಜನಿಕ ಪ್ರೌಢಶಾಲೆಯಲ್ಲಿ ಹೇಗೆ ನಡೆದು ಹೇಗೆ ಪರಿಹಾರವಾಯಿತೆಂಬುದು, 2020ರಲ್ಲಿ ನೂರೈವತ್ತು ವರ್ಷಗಳನ್ನು ಪೂರೈಸಿದ ಡನ್‌ಬಾರ್ ಶಾಲೆಯ ವೃತ್ತಾಂತದಿಂದ ತಿಳಿಯತಕ್ಕುದಾಗಿದೆ.

ವಾಷಿಂಗ್ಟನ್ನಿನಲ್ಲಿ ದಾಸ್ಯವು ಶಾಸನದಿಂದ ರದ್ದಾದುದು 1862ರಲ್ಲಿ. ಎಂಟೇ ವರ್ಷಗಳ ತರುವಾಯ, 1870ರಲ್ಲಿ, ಹದಿನೈದನೆಯ ಬೀದಿಯ ಪ್ರೆಸ್ಬಿಟೇರಿಯನ್ ದೇವಾಲಯದ ನೆಲಮಾಳಿಗೆಯಲ್ಲಿ ಕೃಷ್ಣವರ್ಣೀಯ ಮಕ್ಕಳಿಗಾಗಿ ಈ ಪ್ರೌಢಶಾಲೆಯು ಆರಂಭವಾಯಿತು. ಅವರ ಶಾಲೆಗಳ ಧರ್ಮದರ್ಶಿ ಮಂಡಲಿಯ ಮುಖಂಡನಾಗಿದ್ದ ವಿಲಿಯಂ ಸೈಫ್ಯಾಕ್ಸನು ಇದಕ್ಕಾಗಿ ಬಹಳವಾಗಿ ಶ್ರಮಿಸಿದನು. ಆ ಜನಾಂಗಕ್ಕಾಗಿ ಆ ದೇಶದಲ್ಲಿ ಸ್ಥಾಪಿತವಾದ ಸಾರ್ವಜನಿಕ ಪ್ರೌಢಶಾಲೆಗಳಲ್ಲಿ ಇದೇ ಮೊದಲನೆಯದೆಂದು ಎಣಿಸಲ್ಪಟ್ಟಿದೆ. ಓಬರ್ಲಿನ್ ಕಾಲೇಜಿನಲ್ಲಿ 1862ರಲ್ಲಿ ಪದವಿಯನ್ನು ಪಡೆದ ಮೇರಿ ಜೇನ್ ಪ್ಯಾಟರ್ಸನ್ನಳು ಇದರ ಆದಿಯ ಮುಖ್ಯಾಧ್ಯಾಪಕರಲ್ಲಿ ಒಬ್ಬಳು. 1891ರಲ್ಲಿ ಶಾಲೆಯು ಎಂ ಬೀದಿಯ ಸ್ವಂತ ಕಟ್ಟಡಕ್ಕೆ ಬಂದು, ಆ ಬೀದಿಯ ಹೆಸರಿನಿಂದಲೇ ಪ್ರಸಿದ್ಧವಾಯಿತು.

ಅಧಿಕಾರಿವಿವಾದವು ತೀವ್ರವಾದುದು ಆ ಕಟ್ಟಡದಲ್ಲಿಯೇ. ಬಿಡುಗಡೆಯಾದ ಜನರಿಗೆ ಕೈಕಸಬಿನ ಶಿಕ್ಷಣವೇ ಮೊದಲು ಬೇಕೆಂಬ ಮತವು ಬುಕರ್ ಟಿ. ವಾಷಿಂಗ್ಟನ್ನನ ಪ್ರಭಾವದಿಂದ ಆಗ ಪ್ರಬಲವಾಗಿದ್ದಿತು. ಎಂ ಬೀದಿಯ ಶಾಲೆಯಾದರೋ ಲ್ಯಾಟಿನ್, ಗ್ರೀಕ್, ಗಣಿತಗಳನ್ನು ಬಿಡಲಿಲ್ಲ. 1902ರಲ್ಲಿ ಮುಖ್ಯಾಧ್ಯಾಪಿಕೆಯಾದ ಆನಾ ಜೂಲಿಯಾ ಕೂಪರಳು ದಾಸ್ಯದಲ್ಲಿಯೇ ಜನಿಸಿದವಳು. ಪಾಠಕ್ರಮವನ್ನು ಕೆಳಗಿಳಿಸಬೇಕೆಂಬ ಮೇಲಧಿಕಾರಿಗಳ ಇಚ್ಛೆಗೆ ಆಕೆ ಮಣಿಯಲಿಲ್ಲ. ಆಕೆಯ ಶಿಷ್ಯರು ಹಾರ್ವರ್ಡ್ ಮೊದಲಾದ ವಿದ್ಯಾಪೀಠಗಳನ್ನು ಪ್ರವೇಶಿಸಿದರು. ಆಡಳಿತದ ಕುಂದುಗಳನ್ನು ಆರೋಪಿಸಿ, 1906ರಲ್ಲಿ ಆಕೆಯನ್ನು ಆ ಪದವಿಯಲ್ಲಿ ಮುಂದುವರಿಸದೆ ಬಿಟ್ಟರು. ಆದರೂ ಆಕೆ ಕೆಲವು ವರ್ಷಗಳಲ್ಲಿ ಲ್ಯಾಟಿನ್ ಅಧ್ಯಾಪಿಕೆಯಾಗಿ ಅದೇ ಶಾಲೆಗೆ ಮರಳಿದಳು. 1925ರಲ್ಲಿ ಪ್ಯಾರಿಸ್ಸಿನ ಸೋರ್ಬಾನಿನಲ್ಲಿ ಡಾಕ್ಟರ್ ಪದವಿಯನ್ನೂ ಪಡೆದಳು. ಅಧಿಕಾರವೆಂಬುದು ಅಧ್ಯಯನದಿಂದ ಸಿದ್ಧವಾಗುವುದೇ ಹೊರತು ಜನ್ಮದಿಂದಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ದುರ್ಲಭ.

1916ರಲ್ಲಿ ಶಾಲೆಯು ಹೊಸ ಕಟ್ಟಡವನ್ನು ಸೇರಿ, ಕವಿ ಪಾಲ್ ಲಾರೆನ್ಸ್ ಡನ್‌ಬಾರನ ನಾಮವನ್ನು ಧರಿಸಿತು. ಇಲ್ಲಿ ಒಂದು ವಿಷಾದಕರವಾದ ಕಾರಣಪರಂಪರೆಯನ್ನು ಗಮನಿಸಬೇಕು. ಮಹಾವಿದ್ವಾಂಸರಾದರೂ ವರ್ಣದ ಕಾರಣದಿಂದ ವಿಶ್ವವಿದ್ಯಾಲಯಗಳ ಪೀಠಗಳು ಅವರಿಗೆ ಬಹುಮಟ್ಟಿಗೆ ಮುಚ್ಚಿದ್ದುವು. ಆದುದರಿಂದ ಅಂಥವರು ಈ ಪ್ರೌಢಶಾಲೆಯಲ್ಲಿ ಬಾಲಕಬಾಲಿಕೆಯರಿಗೆ ಪಾಠ ಹೇಳುತ್ತಿದ್ದರು. ಇತಿಹಾಸಜ್ಞನಾದ ಕಾರ್ಟರ್ ಜಿ. ವುಡ್ಸನ್ನನು ಇಲ್ಲಿ ಅಧ್ಯಾಪಕನಾಗಿದ್ದನು. ಆ ಜನಾಂಗದ ಸ್ತ್ರೀಯರಲ್ಲಿ ಅಮೆರಿಕಾದಲ್ಲಿ ಮೊದಲು ಡಾಕ್ಟರ್ ಪದವಿಯನ್ನು ಗಳಿಸಿದವರು ಮೂವರು. ಮೂವರಿಗೂ ಅದು ದೊರೆತುದು 1921ರಲ್ಲಿಯೇ. ಅವರಲ್ಲಿ ಸೇಡಿ ಮೊಸೆಲ್ಲಳು ಇಲ್ಲಿ ಕಲಿತವಳು, ಜಾರ್ಜಿಯಾನಾ ಸಿಂಪ್ಸನ್ನಳು ಇಲ್ಲಿ ಕಲಿಸಿದವಳು, ಈವಾ ಡೈಕ್ಸಳು ಕಲಿತು ಕಲಿಸಿದವಳು. ರಕ್ತದ್ರವವನ್ನು ಸಂಗ್ರಹಿಸಿಡುವ ವಿಧಾನವನ್ನು ಬೆಳೆಸಿದ ವೈದ್ಯ ಚಾರ್ಲ್ಸ್ ಡ್ರೂನೂ ಈ ಶಾಲೆಯ ವಿದ್ಯಾರ್ಥಿಯೇ. ಅನ್ಯಾಯವು ಕಟ್ಟಿದ ಗೋಡೆಯೊಳಗೆಯೇ ವಿದ್ಯೆಯು ಹೀಗೆ ಸಾಂದ್ರವಾಯಿತು.

ಆ ಗೋಡೆಯನ್ನು ಕೆಡಹುವ ಪ್ರಯತ್ನಕ್ಕೆ ಮುಂದಾದವನೂ ಈ ಶಾಲೆಯ ಮಗನೇ. 1911ರಲ್ಲಿ ಇಲ್ಲಿ ವ್ಯಾಸಂಗವನ್ನು ಮುಗಿಸಿದ ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್ನನು ನ್ಯಾಯವಾದಿಯಾಗಿ, ವಾಷಿಂಗ್ಟನ್ನಿನ ಶಾಲೆಗಳ ವರ್ಣಭೇದದ ವಿರುದ್ಧ ಹೋರಾಟವನ್ನು ಕೈಗೊಂಡನು. ಅವನು 1950ರಲ್ಲಿ ತೀರಿಕೊಂಡನು. ಆ ಹೊಣೆಯನ್ನು ಜೇಮ್ಸ್ ನೇಬ್ರಿಟ್ಟನು ವಹಿಸಿಕೊಂಡನು. ಬೋಲಿಂಗ್ ಮೊಕದ್ದಮೆಯಲ್ಲಿ 1954ನೆಯ ಮೇ 17ರಂದು ಶ್ರೇಷ್ಠ ನ್ಯಾಯಾಲಯವು ಆ ಭೇದವನ್ನು ಅಸಿಂಧುವೆಂದು ಸಾರಿತು. ಅನಂತರ ಡನ್‌ಬಾರ್ ಶಾಲೆಯು ನಗರವೆಲ್ಲದರಿಂದ ವಿದ್ಯಾರ್ಥಿಗಳನ್ನು ಸೆಳೆಯುವ ವಿದ್ಯಾಕೇಂದ್ರವಾಗಿ ಉಳಿಯದೆ ನೆರೆಹೊರೆಯ ಶಾಲೆಯಾಯಿತು. ಹಿಂದಿನ ಕೀರ್ತಿಯು ಕುಗ್ಗಿತು. ಹಳೆಯ ವಿದ್ಯಾರ್ಥಿಗಳು ವಿರೋಧಿಸಿದರೂ 1916ರ ಕಟ್ಟಡವನ್ನು 1977ರಲ್ಲಿ ಕೆಡವಿದರು. 2013ರಲ್ಲಿ ಹೊಸ ಕಟ್ಟಡವು ತೆರೆಯಿತು.

ಇದರಿಂದ ಭೇದವೇ ವಿದ್ಯೆಗೆ ಹಿತವಾಗಿದ್ದಿತೆಂದು ಕೆಲವರು ಊಹಿಸಬಹುದು. ಅದು ಯುಕ್ತವಲ್ಲ. ಕೆಸರಿನಲ್ಲಿ ಕಮಲವು ಹುಟ್ಟಿತೆಂದು ಕೆಸರನ್ನು ಪೂಜಿಸುವವರಿಲ್ಲ. ಅದೇ ಭೇದವು ಎಷ್ಟು ಮಂದಿಯನ್ನು ಪ್ರೌಢಶಾಲೆಯ ಬಾಗಿಲಿಗೂ ಬರಗೊಡದೆ ತಡೆಯಿತೆಂಬುದನ್ನೂ ಎಣಿಸಬೇಕು. ಶಾಲೆಯ ಹಿರಿಮೆಗೆ ಕಾರಣವಾದುದು ಭೇದವಲ್ಲ. ಮಕ್ಕಳಿಗೆ ಅಲ್ಪವಾದ ವಿದ್ಯೆಯು ಸಾಲದೆಂದು ಹಟ ಹಿಡಿದ ಜನರು, ಆ ಹಟವನ್ನು ಪಾಠದಲ್ಲಿ ಸಾಧಿಸಿದ ಗುರುಗಳು. ತಾನು ಕಲಿತ ಶಾಲೆಯ ಹಳೆಯ ವ್ಯವಸ್ಥೆಯು ಉಳಿಯಲಾರದೆಂದು ಅರಿಯದಷ್ಟು ಅಲ್ಪದರ್ಶಿಯಲ್ಲ ಹೂಸ್ಟನ್ನನು. ಆದರೂ ಒಂದು ಶಾಲೆಯ ಕೀರ್ತಿಗಿಂತ ಎಲ್ಲ ಮಕ್ಕಳ ಅಧಿಕಾರವು ದೊಡ್ಡದೆಂದು ಅವನು ನಿರ್ಣಯಿಸಿದನು. ಆ ನಿರ್ಣಯವೇ ಅವನು ತನ್ನ ಶಾಲೆಗೆ ಸಲ್ಲಿಸಿದ ಗುರುದಕ್ಷಿಣೆ.