ಜಾಮೀನು ಸಿಕ್ಕರೂ ಜೈಲು

ಜಾಮೀನು ಸಿಕ್ತು ಅಂದ್ರೆ ಮನೆಗೆ ಬಂದಂಗೇ ಅಂತ ಅಂದ್ಕೊಳ್ತೀವಿ. ನಡುವೆ ಸ್ಟೇ ಅನ್ನೋ ಇನ್ನೊಂದು ಗೇಟಿದೆ.

ಭೀಮಾ ಕೋರೆಗಾಂವ್ ಪ್ರಕರಣವನ್ನೇ ನೋಡಿ. ಬಾಬಾಸಾಹೇಬರ ಮೊಮ್ಮಗಳ ಗಂಡ, ಚಿಂತಕ ಆನಂದ್ ತೇಲ್ತುಂಬ್ಡೆ ಶರಣಾಗಿದ್ದು 2020ರ ಏಪ್ರಿಲ್ 14, ಅಂಬೇಡ್ಕರ್ ಜಯಂತಿಯಂದು. ಯುಎಪಿಎ ಕಾಯ್ದೆಯಲ್ಲಿ ಆರೋಪ ಮೇಲ್ನೋಟಕ್ಕೆ ನಿಜ ಅನಿಸಿದರೆ ಸಾಕು, ಜಾಮೀನಿಲ್ಲ. ಅಂಥದ್ದರಲ್ಲೂ 2022ರ ನವೆಂಬರ್ 18ರಂದು ಬಾಂಬೆ ಹೈಕೋರ್ಟ್ ಜಾಮೀನು ಕೊಟ್ಟಿತು. ಎನ್‌ಐಎ ಸುಪ್ರೀಂ ಕೋರ್ಟಿಗೆ ಹೋಗಲೆಂದು ತನ್ನದೇ ಆದೇಶವನ್ನು ಒಂದು ವಾರ ತಡೆಹಿಡಿಯಿತು. 25ರಂದು ಎನ್‌ಐಎ ಅರ್ಜಿ ವಜಾ ಆಯ್ತು. ಅವರು ಹೊರಬಂದದ್ದು 26ಕ್ಕೆ, ಸಂವಿಧಾನ ದಿನ.

ಎಲ್ಲರಿಗೂ ವಾರದಲ್ಲಿ ಮುಗಿಯಲಿಲ್ಲ. ಅದೇ ಪ್ರಕರಣದ ಮಹೇಶ್ ರಾವುತ್ ಗಡಚಿರೋಲಿಯ ಆದಿವಾಸಿಗಳ ನಡುವೆ ಕೆಲಸ ಮಾಡಿದವರು. 2023ರ ಸೆಪ್ಟೆಂಬರ್ 21ಕ್ಕೆ ಅದೇ ಹೈಕೋರ್ಟ್ ಜಾಮೀನು ಕೊಟ್ಟು, ಒಂದು ವಾರ ಸ್ಟೇ ಹಾಕಿತು. ಸುಪ್ರೀಂ ಕೋರ್ಟಿನಲ್ಲಿ ಆ ಸ್ಟೇ ಬೆಳೀತಾನೇ ಹೋಯ್ತು. ನಡುವೆ ಅಜ್ಜಿಯ ತಿಥಿಗೆ ಎರಡು ವಾರ ಬಿಟ್ಟರು. 2025ರ ಸೆಪ್ಟೆಂಬರಿನಲ್ಲಿ ಕಾಯಿಲೆಯ ಕಾರಣಕ್ಕೆ ಆರು ವಾರದ ಮಧ್ಯಂತರ ಜಾಮೀನು ಸಿಕ್ಕಿತು. ಹೈಕೋರ್ಟೇ ಬಿಡಿ ಅಂದಮೇಲೂ ಹತ್ತಿರ ಹತ್ತಿರ ಎರಡು ವರ್ಷ!

ಜಾಮೀನಿಗೆ ಸ್ಟೇ ಕೊಡೋದು ತೀರಾ ಅಪರೂಪಕ್ಕೆ ಮಾತ್ರ ಅಂತ 2024ರ ಜುಲೈನಲ್ಲಿ ಪರ್ವಿಂದರ್ ಸಿಂಗ್ ಖುರಾನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು. ಆಗಲೂ ರಾವುತ್ ಒಳಗೇ ಇದ್ದರು.

ಮೇಲ್ಮನವಿ ಹಾಕೋ ಹಕ್ಕು ಸರ್ಕಾರಕ್ಕಿರಲಿ. ಅದು ಮುಗಿಯೋವರೆಗೂ ಗೆದ್ದವರು ಯಾಕೆ ಜೈಲಲ್ಲಿ ಕಾಯಬೇಕು?

ಜೈ ಭೀಮ್.