ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಹೊಟ್ಟೆ ಮುಟ್ಟಿ ನೋಡಿದರು

2020ರ ಮಾರ್ಚ್ ಕೊನೆಯ ವಾರ ನೆನಪಿದೆಯಾ? ಇಡೀ ದೇಶ ಬಾಗಿಲು ಹಾಕಿಕೊಂಡು ಕೂತಿತ್ತು. ನಮ್ಮ ಪರದೆಯ ಮೇಲೆ ಬೆಳಿಗ್ಗೆಯಿಂದ ರಾತ್ರಿವರೆಗೂ ಕೊರೊನಾ ಒಂದೇ ಸುದ್ದಿ. ಅದೇ ವಾರ, ಮಾರ್ಚ್ 30ರಂದು, ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ಅನ್ನೋ ಪುಟ್ಟ ದೇಶ ತನ್ನದೇ ಒಂದು ಆದೇಶವನ್ನು ಹಿಂದಕ್ಕೆ ಪಡೆಯಿತು. ಏನದು ಆದೇಶ? ಬಸುರಿಯಾದ ಹುಡುಗಿ ಶಾಲೆಗೆ ಕಾಲಿಡಬಾರದು ಅನ್ನೋದು. ಆ ಗದ್ದಲದಲ್ಲಿ ಈ ಸುದ್ದಿ ನಮ್ಮ ಕಿವಿಗೆ ಬೀಳಲೇ ಇಲ್ಲ. ಇವತ್ತು ಕೇಳೋಣ.

ಕಥೆ ಶುರುವಾಗೋದು ಇನ್ನೊಂದು ಸಾಂಕ್ರಾಮಿಕದಿಂದ. 2014ರ ಮೇ ತಿಂಗಳಲ್ಲಿ ಆ ದೇಶಕ್ಕೆ ಎಬೋಲಾ ಬಂತು. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಸೋಂಕು, ಸುಮಾರು ನಾಲ್ಕು ಸಾವಿರ ಸಾವು. ಶಾಲೆಗಳಿಗೆ ಬೀಗ ಬಿತ್ತು, ತಿಂಗಳುಗಟ್ಟಲೆ ತೆಗೆಯಲಿಲ್ಲ. ಆಸ್ಪತ್ರೆ ಅಂದ್ರೆ ಜನಕ್ಕೆ ಭಯ. ಅಪ್ಪ ಅಮ್ಮನನ್ನು ಕಳಕೊಂಡ ಮಕ್ಕಳು, ದುಡಿಮೆ ನಿಂತ ಮನೆಗಳು. ಇಂಥ ಹೊತ್ತಿನಲ್ಲಿ ಹದಿನಾಲ್ಕು, ಹದಿನೈದು ವರ್ಷದ ಹುಡುಗಿಯರಿಗೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಕೆಲವರ ಮೇಲೆ ಅತ್ಯಾಚಾರ ಆಯ್ತು. ಕೆಲವರು ಊಟಕ್ಕಾಗಿ, ಚೂರು ಹಣಕ್ಕಾಗಿ ಗಂಡಸರ ಕೈಗೆ ಸಿಕ್ಕರು. ಕೆಲವರದು ವಯಸ್ಸಿನ ಪ್ರೀತಿ. ಆ ಅವಧಿಯಲ್ಲಿ ಗರ್ಭ ಧರಿಸಿದ ಹದಿಹರೆಯದವರ ಸಂಖ್ಯೆ ಹದಿನೆಂಟು ಸಾವಿರ ದಾಟಿತ್ತು ಅಂತ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಲೆಕ್ಕ ಹಾಕಿತು.

2015ರ ಏಪ್ರಿಲ್‌ನಲ್ಲಿ ಶಾಲೆಗಳು ಮತ್ತೆ ತೆರೆದವು. ತೆರೆಯೋಕೆ ಮುಂಚೆಯೇ ಶಿಕ್ಷಣ ಇಲಾಖೆ ಹೇಳಿತು: ಬಸುರಿ ಅಂತ ಕಾಣುವ ಹುಡುಗಿಯರಿಗೆ ತರಗತಿಗೆ ಪ್ರವೇಶ ಇಲ್ಲ, ಪರೀಕ್ಷೆಗೂ ಇಲ್ಲ. ಅವರನ್ನು ನೋಡಿ ಮಿಕ್ಕ ಹುಡುಗಿಯರು ಕೆಡ್ತಾರೆ ಅನ್ನೋದು ಕೊಟ್ಟ ಕಾರಣ. ಶಾಲೆಗಳಲ್ಲಿ ಇಂಥ ರೂಢಿ ಮೊದಲೇ ಇತ್ತು, ಈಗ ಅದಕ್ಕೆ ಸರ್ಕಾರದ ಮುದ್ರೆ ಬಿತ್ತು.

ಸರಿ, ಬಸುರಿ ಹೌದೋ ಅಲ್ಲವೋ ಅಂತ ಗೊತ್ತಾಗೋದು ಹೇಗೆ? ಇಲ್ಲಿ ಕೇಳಿ. ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2015ರ ನವೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ ಇದು ದಾಖಲಾಗಿದೆ. ಪರೀಕ್ಷೆ ಬರೆಯೋಕೆ ಬಂದ ಹುಡುಗಿಯರ ಹೊಟ್ಟೆ, ಎದೆ ಮುಟ್ಟಿ ನೋಡಿದರು. ಕೆಲವು ಕಡೆ ಮೂತ್ರ ಪರೀಕ್ಷೆ ಮಾಡಿಸಿದರು. ಕೈಯಲ್ಲಿ ಪೆನ್ನು ಹಿಡಿದು ಬಂದ ಮಗು, ಎಲ್ಲರ ಎದುರು ಈ ಅವಮಾನ. ಎಷ್ಟೋ ಹುಡುಗಿಯರು ಹೆದರಿ ಪರೀಕ್ಷೆಯ ಕಡೆ ತಲೆಯನ್ನೇ ಹಾಕಲಿಲ್ಲ. ಒಂದು ಪ್ರಶ್ನೆ ಕೇಳ್ತೀನಿ. ಅದೇ ಬಾಗಿಲಲ್ಲಿ ಅದೇ ದಿನ ಹುಡುಗರೂ ಒಳಗೆ ಹೋದರಲ್ಲ, ಅವರಿಗೆ ಯಾವ ಪರೀಕ್ಷೆ ಇತ್ತು?

ಟೀಕೆ ಜಾಸ್ತಿ ಆದ ಮೇಲೆ ಸರ್ಕಾರ ಬೇರೆ ಕೇಂದ್ರಗಳನ್ನು ತೆರೆಯಿತು, ವಿದೇಶಿ ನೆರವಿನಲ್ಲಿ. ವಾರಕ್ಕೆ ಮೂರೇ ದಿನ ಪಾಠ, ನಾಲ್ಕೇ ವಿಷಯ. ಏನೂ ಇಲ್ಲದ ಕಡೆ ಅದೂ ಆಸರೆಯೇ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಕಲಿತು ಊರ ಹುಡುಗರ ಸಮಕ್ಕೆ ನಿಲ್ಲೋದು ಹೇಗೆ?

ಪ್ರತ್ಯೇಕ ಕೇಂದ್ರ ಅನ್ನೋದೇ ತಪ್ಪು ಅಂತಲೂ ಅಲ್ಲ, ನೋಡಿ. ಅಟ್ಲಾಂಟಿಕ್ ಸಾಗರದ ಆ ಕಡೆ ಜಮೈಕಾ ಇದೆ. ಅಲ್ಲೂ ಬಸುರಿಯಾದ ಹುಡುಗಿಯರು ಶಾಲೆ ಬಿಡಬೇಕಾಗಿತ್ತು. 1978ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಒಂದು ಮಹಿಳಾ ಕೇಂದ್ರ ಶುರುವಾಯ್ತು. ಬಸುರಿ ಹುಡುಗಿಯರಿಗೆ ಅಲ್ಲೇ ಪಾಠ, ಆಪ್ತಸಲಹೆ, ಹೆರಿಗೆ ಆದ ಮೇಲೆ ಮಗು ನೋಡಿಕೊಳ್ಳೋಕೆ ನೆರವು. ಗುರಿ ಒಂದೇ: ಹುಡುಗಿ ಮತ್ತೆ ಶಾಲೆಗೆ ಹೋಗಬೇಕು. ಒಂದು ದೇಶ ಪ್ರತ್ಯೇಕ ಕೋಣೆ ಕಟ್ಟಿದ್ದು ವಾಪಸ್ ಕಳಿಸೋಕೆ, ಇನ್ನೊಂದು ದೇಶ ಕಟ್ಟಿದ್ದು ಕಣ್ಣಿಗೆ ಬೀಳದ ಹಾಗೆ ಕೂರಿಸೋಕೆ. ವ್ಯತ್ಯಾಸ ಇರೋದು ಅಲ್ಲೇ.

ಸಿಯೆರಾ ಲಿಯೋನ್‌ನ ಹೆಣ್ಣುಮಕ್ಕಳು ಸುಮ್ಮನೆ ಕೂರಲಿಲ್ಲ. ಅಲ್ಲಿನದೇ ಒಂದು ಮಹಿಳಾ ಸಂಘಟನೆ ಬೇರೆ ಸಂಸ್ಥೆಗಳ ಜೊತೆ ಸೇರಿ 2018ರಲ್ಲಿ ಪಶ್ಚಿಮ ಆಫ್ರಿಕಾ ದೇಶಗಳ ಸಮುದಾಯದ ನ್ಯಾಯಾಲಯಕ್ಕೆ ಹೋಯಿತು. 2019ರ ಡಿಸೆಂಬರ್ 12ರಂದು ತೀರ್ಪು ಬಂತು: ಈ ನಿಷೇಧ ತಾರತಮ್ಯ, ಇದನ್ನು ತೆಗೆಯಿರಿ, ಆ ಬೇರೆ ಶಾಲೆಗಳನ್ನೂ ಮುಚ್ಚಿ. ಮೂರೂವರೆ ತಿಂಗಳು ಕಳೆದು, ಅಧ್ಯಕ್ಷ ಜೂಲಿಯಸ್ ಮಾದಾ ಬಯೋ ಅವರ ಸರ್ಕಾರ ನಿಷೇಧ ತೆಗೆದುಹಾಕಿತು. ಆಗ ಶಿಕ್ಷಣ ಸಚಿವರಾಗಿದ್ದವರು ಡೇವಿಡ್ ಮೊಯಿನಿನಾ ಸೆಂಗೆ ಅನ್ನೋ ಯುವಕ.

ವಿಧಿ ನೋಡಿ. ಮರುದಿನವೇ, ಮಾರ್ಚ್ 31ಕ್ಕೆ, ಆ ದೇಶದಲ್ಲಿ ಮೊದಲ ಕೊರೊನಾ ಪ್ರಕರಣ ಪತ್ತೆಯಾಯಿತು, ಶಾಲೆಗಳು ಮತ್ತೆ ಮುಚ್ಚಿದವು. ಐದು ವರ್ಷ ಮುಚ್ಚಿದ್ದ ಬಾಗಿಲು ತೆರೆದ ಮಾರನೇ ದಿನ ಎಲ್ಲ ಬಾಗಿಲೂ ಬಂದ್. ಆದರೂ ಒಂದು ವ್ಯತ್ಯಾಸ ಇತ್ತು. ಈ ಸಲ ಶಾಲೆ ಮತ್ತೆ ತೆರೆದಾಗ ಬಸುರಿ ಹುಡುಗಿಯನ್ನು ತಡೆಯೋ ಆದೇಶ ಇರಲಿಲ್ಲ. 2021ರಲ್ಲಿ ಗರ್ಭಿಣಿಯರು, ಎಳೆಯ ತಾಯಂದಿರು, ಅಂಗವಿಕಲ ಮಕ್ಕಳು, ಬಡವರು ಎಲ್ಲರನ್ನೂ ಶಾಲೆಗೆ ಸೇರಿಸುವ ರಾಷ್ಟ್ರೀಯ ನೀತಿಯೇ ಬಂತು. 2024ರಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆ.

ಹಾಗಂತ ಎಲ್ಲಾ ಮುಗೀತು ಅಂತಲ್ಲ. ಪೂರ್ತಿ ಬೆಳೆಯದ ದೇಹಕ್ಕೆ ಹೆರಿಗೆ ಅನ್ನೋದು ಅಪಾಯ. ರಕ್ತದೊತ್ತಡ ಏರಿ ಬರುವ ಫಿಟ್ಸ್, ಹೆರಿಗೆ ನಂತರದ ಸೋಂಕು ಈ ಸಣ್ಣ ವಯಸ್ಸಿನಲ್ಲೇ ಹೆಚ್ಚು ಕಾಡುತ್ತವೆ. ಹೊಟ್ಟೆಯಲ್ಲಿ ಕೂಸು ಸಿಕ್ಕಿಹಾಕಿಕೊಂಡರೆ ಹತ್ತಿರದಲ್ಲಿ ಆಪರೇಷನ್ ಮಾಡುವ ಆಸ್ಪತ್ರೆ ಬೇಕು. ಬಯ್ಯದೆ ಮಾತಾಡಿಸುವ ನರ್ಸ್ ಬೇಕು. ಹೆರಿಗೆ ಆದ ಮೇಲೆ ಅವಳು ತರಗತಿಯಲ್ಲಿ ಕೂತಾಗ ಮನೆಯಲ್ಲಿ ಮಗು ಎತ್ತಿಕೊಳ್ಳುವ ಎರಡು ಕೈ ಬೇಕು. ಆದೇಶ ತೆಗೆಯೋಕೆ ಒಂದು ಸಹಿ ಸಾಕು. ಇವೆಲ್ಲ ದುಡ್ಡಿನ ಕೆಲಸ, ವರ್ಷಗಟ್ಟಲೆಯ ಕೆಲಸ.

ಸಿಯೆರಾ ಲಿಯೋನ್‌ನ ರಾಜಧಾನಿಯ ಹೆಸರು ಫ್ರೀಟೌನ್. ಗುಲಾಮಗಿರಿಯಿಂದ ಬಿಡುಗಡೆ ಆದವರು ಬಂದು ನೆಲೆಸಿದ ಊರು, ಅದಕ್ಕೇ ಆ ಹೆಸರು. ಅಂಥ ಊರಿನಲ್ಲಿ ಹದಿನೈದರ ಹುಡುಗಿಗೆ ಶಾಲೆಯ ಬೆಂಚು ವಾಪಸ್ ಸಿಗೋಕೆ ಐದು ವರ್ಷ ಹಿಡಿಯಿತು. 2015ರಲ್ಲಿ ವಾಪಸ್ ಕಳಿಸಿದ ಹುಡುಗಿಯ ಮಗು ಆ ಹೊತ್ತಿಗೆ ತಾನೇ ಶಾಲೆಗೆ ಸೇರುವ ವಯಸ್ಸಿಗೆ ಬಂದಿತ್ತು.