ತಲೆಹೊರೆಯ ಕಾದಂಬರಿ

ವರದೆ ತುಂಗಭದ್ರೆಯನ್ನು ಕೂಡುವಲ್ಲಿ, ಹಾವೇರಿ ತಾಲೂಕಿನ ಗಳಗನಾಥ ಎಂಬ ಊರಿದೆ. ಅಲ್ಲಿಯವರಾದ ಶಾಲಾ ಮಾಸ್ತರ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಊರ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡು ಕನ್ನಡ ಕಾದಂಬರಿಯ ಪಿತಾಮಹ ಅನ್ನಿಸಿಕೊಂಡರು. ತಾವು ಬರೆದ ಪುಸ್ತಕಗಳನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಕನ್ನಡ ಸಾಹಿತ್ಯದ ಪ್ರಸಿದ್ಧ ಸಂಗತಿ. ಅದನ್ನು ಸಾಮಾನ್ಯವಾಗಿ ಅವರ ತ್ಯಾಗಕ್ಕೆ ಸಾಕ್ಷಿಯೆಂದು ಹೇಳುತ್ತಾರೆ. ಆದರೆ ಹೊರೆ ಹೊತ್ತವರನ್ನು ನೆನೆಯುವಾಗ ಅದನ್ನು ಇಳಿಸಿಕೊಂಡವರನ್ನು ಮರೆಯುತ್ತೇವೆ. ಕಾಸು ಕೊಟ್ಟು ಆ ಪುಸ್ತಕ ಕೊಂಡವರಿಗೆ ಬೇಕಿದ್ದದ್ದು ಧರ್ಮವೋ, ಕಥೆಯೋ? ಈ ಸೀಮೆಯ ಓದುಗರು ಎರಡನ್ನೂ ಬೇರೆ ಬೇರೆ ಮಾಡಿ ನೋಡಲಿಲ್ಲ, ಭಕ್ತಿಯ ಮನೆಯೊಳಗೇ ಪ್ರೇಮಕಥೆಯ ರುಚಿ ಕಂಡರು ಎಂಬುದು ನನ್ನ ವಾದ.

ಧರ್ಮ ಹೇಳುವುದಕ್ಕೆ ಕಥೆ ಹೂಡುವ ಹೊಸ ರೀತಿ ನಮ್ಮ ಕಡೆಗೆ ಮೊದಲು ಬಂದದ್ದು ಕ್ರೈಸ್ತ ಮಿಶನರಿಗಳಿಂದ. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ಇಂಗ್ಲಿಷ್ ಲೇಖಕ ಜಾನ್ ಬನಿಯನ್‌ನ ಪುಸ್ತಕ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕಿಳಿಯಿತು. ಅದರ ಮೊದಲ ಭಾಗದಲ್ಲಿ ಯಾತ್ರಿಕ ಹೆಂಡತಿ ಮಕ್ಕಳು ಕೂಗಿದರೂ ಕೇಳಬಾರದೆಂದು ಕಿವಿಗೆ ಬೆರಳಿಟ್ಟುಕೊಂಡು ಓಡುತ್ತಾನೆ. ಮನೆ ಬಿಟ್ಟಲ್ಲೇ ಶುರುವಾಗುವ ಇಂಥ ಕಥೆಯಲ್ಲಿ ಪ್ರೇಮಕ್ಕೆ ಎಡೆಯೆಲ್ಲಿ? ಆ ಕೊರತೆಯನ್ನು ತುಂಬಿದವರು ಬೆಳಗಾವಿಯಲ್ಲಿ ಹುಟ್ಟಿ, 1854ರಲ್ಲಿ ಕ್ರೈಸ್ತರಾದ ಬಾಬಾ ಪದ್ಮನಜಿ. 1857ರಲ್ಲಿ ಅವರು ಮರಾಠಿಯಲ್ಲಿ ಬರೆದ ‘ಯಮುನಾ ಪರ್ಯಟನ’ದಲ್ಲಿ ಗಂಡ ಹೆಂಡಿರು ಜೊತೆಯಾಗಿಯೇ ದಾರಿ ಹಿಡಿಯುತ್ತಾರೆ, ಹೋದಲ್ಲೆಲ್ಲ ವಿಧವೆಯರ ದುಃಖ ಕಾಣುತ್ತಾರೆ. ಕೊನೆಗೆ ಗಂಡ ತೀರಿಕೊಂಡ ಯಮುನೆ ಕ್ರೈಸ್ತಳಾಗಿ ಮರುಮದುವೆಯಾಗುತ್ತಾಳೆ. ಉದ್ದೇಶ ಮತಪ್ರಚಾರವೇ ಆದರೂ ಓದುಗರನ್ನು ಮುಂದಕ್ಕೆ ಎಳೆಯುವುದು ಆ ಹೆಣ್ಣಿನ ಗತಿ ಏನಾದೀತೆಂಬ ಕಳವಳ. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯೂ ವಿಧವೆಯ ಮರುಮದುವೆಯ ಕಥೆ. ಅದರ ಇನ್ನೊಂದು ಹೆಸರು ‘ಸದ್ಧರ್ಮ ವಿಜಯವು’. ಹೆಣ್ಣಿನ ಹೆಸರು ಮುಂದೆ, ಧರ್ಮದ ಹೆಸರು ಹಿಂದೆ, ನಡುವೆ ‘ಅಥವಾ’: ಆ ಕಾಲದ ಕಾದಂಬರಿಯ ಸ್ವಭಾವವೆಲ್ಲ ಆ ಒಂದು ಶಬ್ದದಲ್ಲಿದೆ.

ಹಾವೇರಿ ಸೀಮೆಯಲ್ಲಿ ಈ ಕೆಲಸಕ್ಕೆ ನೆಲೆ ಒದಗಿಸಿದ್ದು ಅಗಡಿಯ ಆನಂದವನ. ಶೇಷಾಚಲ ಸದ್ಗುರುಗಳ ಆ ಆಶ್ರಮದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಗಳಗನಾಥರು ಅದರ ಸಂಪಾದಕರಾದರು, ಅವರ ಕಾದಂಬರಿಗಳು ಅದರಲ್ಲಿ ಕಂತುಕಂತಾಗಿ ಬಂದವು. ಕಾದಂಬರಿ ಓದಿದರೆ ಹೆಣ್ಣುಮಕ್ಕಳು ಕೆಡುತ್ತಾರೆಂದು ಹಿರಿಯರು ಅಂಜುತ್ತಿದ್ದ ಕಾಲವದು. ಗುರುಗಳ ಆಶ್ರಮದಿಂದ ಬಂದ, ಹೆಸರಿನಲ್ಲೇ ಸದ್ಬೋಧವಿದ್ದ ಪತ್ರಿಕೆಯನ್ನು ಬೇಡವೆನ್ನಲು ಯಾವ ಮನೆಯ ಯಜಮಾನನಿಗೂ ಸುಲಭವಿರಲಿಲ್ಲ. ಒಳಗೆ ಬಂದ ಮೇಲೆ ಅದರಿಂದ ಏನು ಸಿಕ್ಕಿತು? ‘ಪ್ರಬುದ್ಧ ಪದ್ಮನಯನೆ’, ‘ಕುಮುದಿನಿ’, ‘ಕಮಲಕುಮಾರಿ’ ಎಂದು ಗಳಗನಾಥರು ತಮ್ಮ ಕೃತಿಗಳಿಗೆ ಇಟ್ಟ ಹೆಸರುಗಳನ್ನು ಸಾಲಾಗಿ ಓದಿದರೆ ಸಾಕು, ನಾಯಿಕೆಯರೇ ಎದುರು ಬಂದು ನಿಲ್ಲುತ್ತಾರೆ. 1923ರ ‘ಮಾಧವ ಕರುಣಾ ವಿಲಾಸ’ ವಿಜಯನಗರದ ಸ್ಥಾಪನೆಯ ಕಥೆ. ಅಲ್ಲಿ ಮಾಧವನೆಂದರೆ ವಿದ್ಯಾರಣ್ಯರೂ ಹೌದು, ದೇವರೂ ಹೌದು. ಆ ಕರುಣೆಗೆ ಅಂಟಿಕೊಂಡ ಮಾತು ‘ವಿಲಾಸ’ ಎಂಬುದನ್ನು ಗಮನಿಸಬೇಕು.

ಇದೆಲ್ಲ ಔಷಧಿಗೆ ಹಚ್ಚಿದ ಬೆಲ್ಲ, ನಿಜವಾದ ಸರಕು ಉಪದೇಶವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಉಪದೇಶ ಬೇಕಿದ್ದವರಿಗೆ ಕೀರ್ತನೆ, ಪುರಾಣ, ಪ್ರವಚನ ದುಡ್ಡಿಲ್ಲದೆ ಸಿಗುತ್ತಿದ್ದವು. ಅದಕ್ಕಾಗಿ ಗಂಟಿನ ದುಡ್ಡು ಬಿಚ್ಚುವ ಅಗತ್ಯವಿರಲಿಲ್ಲ. ಹಾಗಾದರೆ ಧರ್ಮ ಬರೀ ನೆಪ, ಕಥೆಯೇ ನಿಜ ಎನ್ನೋಣವೇ? ಅದೂ ಸರಿಹೋಗದು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಆ ಬಣ್ಣಕ್ಕೇ ಪೇಟೆಯಲ್ಲಿ ಬೆಲೆ. ಬಣ್ಣವೆಂದರೆ ಬರೀ ಹೊರಗಿನ ತೋರಿಕೆ ಎಂಬ ಮಾತು ಆ ಊರಿನಲ್ಲಿ ನಡೆಯುವುದಿಲ್ಲ. ಈ ಕಾದಂಬರಿಗಳ ಧರ್ಮವೂ ಹಾಗೆಯೇ: ನಾಯಿಕೆಯ ಶೀಲದ ಮೇಲೆ ಓದುಗರಿಗೆ ನಂಬಿಕೆಯಿದ್ದುದರಿಂದಲೇ ಅವಳಿಗೆ ಒದಗಿದ ಗಂಡಾಂತರ ಅವರ ಎದೆಗೆ ತಟ್ಟುತ್ತಿತ್ತು. ನಂಬಿಕೆ ತೆಗೆದರೆ ಕುತೂಹಲವೂ ಸತ್ತುಹೋಗುತ್ತದೆ.

ಎರಡನೆಯ ಆಕ್ಷೇಪ, ಇದು ಮರಾಠಿಯಿಂದ ತಂದ ರುಚಿ, ಈ ನೆಲದ್ದಲ್ಲ ಎಂಬುದು. ಸಾಲ ತಂದದ್ದು ನಿಜ. ಆಗ ಮುಂಬಯಿ ಪ್ರಾಂತದಲ್ಲಿದ್ದ ಈ ಜಿಲ್ಲೆಗಳಲ್ಲಿ ಮರಾಠಿಯ ವರ್ಚಸ್ಸು ದೊಡ್ಡದಿತ್ತು. ಗಳಗನಾಥರ ‘ಕನ್ನಡಿಗರ ಕರ್ಮಕಥೆ’ಗೆ ಹರಿ ನಾರಾಯಣ ಆಪ್ಟೆಯವರ ‘ವಜ್ರಾಘಾತ’ವೇ ಮೂಲ. ಆದರೆ ಆಪ್ಟೆಯವರ ಅನೇಕ ಕಾದಂಬರಿಗಳು ಧಾರಾವಾಹಿಯಾಗಿ ಬಂದ ಪುಣೆಯ ಪತ್ರಿಕೆಯ ಹೆಸರು ‘ಕರಮಣೂಕ’, ಅಂದರೆ ಮನರಂಜನೆ. ಅಲ್ಲಿ ಮನರಂಜನೆಯ ಹೆಸರಲ್ಲಿ ನಡೆದ ಕಥನ ಇಲ್ಲಿ ಸದ್ಬೋಧದ ಹೆಸರಲ್ಲಿ ನಡೆಯಿತು. ಹೆಸರು ಬದಲಾದರೂ ಓದಿನ ಸುಖ ಉಳಿಯಿತು. ಆ ಸುಖಕ್ಕೆ ಗುರುಮನೆಯ ಒಪ್ಪಿಗೆ ಸೇರಿದ್ದೇ ಇಲ್ಲಿಯ ವಿಶೇಷ. ಓದಲು ಬರುವವರೇ ಕಡಿಮೆಯಿದ್ದಾಗ ಓದುಗರೆಲ್ಲಿಯವರು ಎಂದೂ ಕೇಳಬಹುದು. ಒಬ್ಬರು ಓದಿ ಹತ್ತು ಜನ ಕೇಳುವುದು ಪುರಾಣ ಓದಿಸಿದ ಊರುಗಳಿಗೆ ಹೊಸದಲ್ಲ. ಕಥೆಯನ್ನು ಕುತೂಹಲದ ಹಂತದಲ್ಲಿ ತಂದು ನಿಲ್ಲಿಸಿ, ಮುಂದಿನದು ನಾಳೆಗೆ ಎನ್ನುವ ಪುರಾಣಿಕನನ್ನು ಕೇಳಿದ ಕಿವಿಗಳಿಗೆ ಮಾಸಪತ್ರಿಕೆಯ ಕಂತು ಪರಕೀಯವಾಗಲು ಕಾರಣವಿರಲಿಲ್ಲ. ಹುಬ್ಬಳ್ಳಿ–ಹರಿಹರ ರೈಲು ದಾರಿಯಲ್ಲಿ ಒಂದರ ಹಿಂದೊಂದು ಬರುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಂಥ ಪೇಟೆಗಳಲ್ಲಿ ಲೆಕ್ಕ ಬರೆಯುವ ಗುಮಾಸ್ತರೂ ಮಾಸ್ತರರೂ ಇದ್ದರು. ಮನೆಗೊಬ್ಬ ಓದುಬಲ್ಲವನಿದ್ದರೆ ಉಳಿದವರು ಕೇಳುಗರಾಗಬಹುದಿತ್ತು.

ಗಳಗನಾಥರ ಓರಗೆಯವರೇ ಆದ ಅಮೆರಿಕದ ಗ್ರೇಸ್ ಲಿವಿಂಗ್‌ಸ್ಟನ್ ಹಿಲ್ (1865–1947) ಆ ಹೊತ್ತಿಗೆ ಕ್ರೈಸ್ತ ಪ್ರೇಮ ಕಾದಂಬರಿಗಳನ್ನು ಒಂದರ ಮೇಲೊಂದು ಬರೆಯುತ್ತಿದ್ದರು. 1979ರಲ್ಲಿ ಜ್ಯಾನೆಟ್ ಓಕ್ ಬರೆದ ‘ಲವ್ ಕಮ್ಸ್ ಸಾಫ್ಟ್‌ಲಿ’ಯಿಂದ ಆ ಬಗೆಯ ಕಾದಂಬರಿಗೆ ಮತ್ತೆ ದೊಡ್ಡ ಮಾರುಕಟ್ಟೆ ತೆರೆಯಿತು. ಅಲ್ಲಿಯ ಕಾದಂಬರಿಯೂ ಇಲ್ಲಿಯದೂ ಒಂದೇ ಎನ್ನಲಾಗದು. ಅಲ್ಲಿಯ ತೊಡಕು ಹೆಚ್ಚಾಗಿ ನಾಯಕ ನಾಯಿಕೆಯರ ಮನಸ್ಸಿನೊಳಗಿನ ಅವಿಶ್ವಾಸ. ಇಲ್ಲಿ ಹೊರಗಿನ ವೈರಿ ಮತ್ತು ಹಿಂದಿನ ಕರ್ಮ. ಆದರೂ ಓದುವವರ ಸುಖ ಒಂದೇ ಜಾತಿಯದು. ಕೊನೆ ಒಳ್ಳೆಯದಾಗುತ್ತದೆಂದು ಮೊದಲೇ ಗೊತ್ತು, ಗೊತ್ತಿದ್ದೂ ಪುಟ ತಿರುವುತ್ತಾರೆ. ದ್ರೌಪದಿಯ ಮಾನ ಉಳಿಯುತ್ತದೆಂದು ತಿಳಿದೂ ಪ್ರತಿ ಸಲ ಉಸಿರು ಬಿಗಿಹಿಡಿದು ಕೂರುವ ಹರಿಕಥೆಯ ಸಭೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ 1933ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಹೊಸ ಬಗೆಯ ಕಾದಂಬರಿಗೆ ಚಂದಾದಾರರನ್ನು ಕೂಡಿಸಿದಾಗ, ಪುಸ್ತಕಕ್ಕೆ ದುಡ್ಡು ಕೊಟ್ಟು ಮುಂದಿನದಕ್ಕೆ ಕಾಯುವ ರೂಢಿ ಈ ಭಾಗಕ್ಕೆ ಹೊಸದಾಗಿರಲಿಲ್ಲ. ಆ ರೂಢಿಯ ಒಂದು ಪಾಲು ಗಳಗನಾಥರ ತಲೆಹೊರೆಗೂ ಅಗಡಿಯ ಪತ್ರಿಕೆಗೂ ಸಲ್ಲಬೇಕು.